ಹಳ್ಳಕ್ಕೆ ಹಾಸಿದ ಜೋಳದ ಸಪ್ಪೆ

1908ರ ಮಾರ್ಚ್‌ನಲ್ಲಿ ಮೊಳಕಾಲ್ಮುರು–ರಾಂಪುರ ದಾರಿಯ ಹಳ್ಳಕ್ಕೆ ಸೇತುವೆ ಬೇಕೇ ಎಂದು ನೋಡಲು ಎಂಜಿನಿಯರ್ ಸಾಹೇಬರು ಬಂದರು. ಬೇಡ ಎಂದು ಬರೆದು ಹೋದರು.

ಆಗ ನಾನು ಚಳ್ಳಕೆರೆಯಲ್ಲಿ ಓವರ್‌ಸಿಯರ್. ಮೊಳಕಾಲ್ಮುರು ಕಡೆಯ ರಸ್ತೆಗಳೂ ನನ್ನ ಉಸ್ತುವಾರಿಯಲ್ಲಿದ್ದವು. ಹಳ್ಳಿ ರಸ್ತೆಗಳು ತಾಲ್ಲೂಕು ಬೋರ್ಡಿಗೆ ಸೇರಿದವು. ಬೋರ್ಡಿನ ಹಣ ಗುಂಡಿ ಮುಚ್ಚುವುದಕ್ಕೆ ಸಾಲುತ್ತಿತ್ತು, ಸೇತುವೆಗೆ ಸಾಲುತ್ತಿರಲಿಲ್ಲ. ಅಂಥ ಕೆಲಸಕ್ಕೆ ಸರ್ಕಾರ ಕೊಡುವ ನೆರವನ್ನು ಗ್ರಾಂಟ್ ಎನ್ನುತ್ತಿದ್ದೆವು. ಕೇಳುವ ಬೋರ್ಡುಗಳು ಬಹಳ; ಸಾಹೇಬರು ಸ್ಥಳಕ್ಕೆ ಬಂದು ಅಗತ್ಯವೆಂದು ಒಪ್ಪಿದರೆ ಮಾತ್ರ ಗ್ರಾಂಟ್.

ಹಳ್ಳದ ಈಚೆ ದಡದ ಹಟ್ಟಿಯಲ್ಲಿ ನಿಂಗವ್ವ ಎಂಬ ಹೆಂಗಸಿದ್ದಳು. ಅವಳ ಒಬ್ಬಳೇ ಮಗಳು ಬೋರಮ್ಮನನ್ನು ರಾಂಪುರಕ್ಕೆ ಕೊಟ್ಟಿತ್ತು. ಬೋರಮ್ಮ ಚೊಚ್ಚಲ ಬಸುರಿ. ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಏಳು ತಿಂಗಳು ತುಂಬದೆ ಕಳಿಸುವ ಪದ್ಧತಿ ಗಂಡನ ಮನೆಯವರಲ್ಲಿರಲಿಲ್ಲ. ಏಳು ತುಂಬುವುದು ಭಾದ್ರಪದದಲ್ಲಿ, ಮಳೆ ಹಿಡಿಯುವ ಕಾಲದಲ್ಲಿ. ಬೇಸಿಗೆಯಲ್ಲಿ ಆ ಹಳ್ಳದ ಮರಳಿಗೆ ಗಾಡಿಯ ಚಕ್ರ ನಡುವಿನ ಗುಂಬದವರೆಗೆ ಇಳಿಯುತ್ತಿತ್ತು. ನೀರು ಬಂದರೆ ದಾಟುವ ಮಾತೇ ಇಲ್ಲ.

ಅಳತೆಗೆ ಹೋದಾಗಲೆಲ್ಲ ಅವಳು ಕೇಳುತ್ತಿದ್ದಳು: "ಸ್ವಾಮಿ, ಮಳೆಗೆ ಮುಂಚೆ ಆಗ್ತೈತಾ?"

"ಗ್ರಾಂಟ್ ಬಂದರೆ ಆಗುತ್ತದೆ, ಕಣವ್ವ. ಕಲ್ಲುಚಪ್ಪಡಿಯ ಸಣ್ಣ ಸೇತುವೆ."

ಸಾಹೇಬರೊಡನೆ ನಾನು ಟಾಂಗಾದಲ್ಲಿ ಹೋದ ಬೆಳಿಗ್ಗೆ ಹಳ್ಳದ ಗುರುತೇ ಸಿಗಲಿಲ್ಲ. ಎರಡೂ ದಡಗಳನ್ನು ಕಡಿದು ಇಳಿಜಾರು ಮಾಡಿದ್ದರು. ಮರಳಿನ ಮೇಲೆ ಒತ್ತೊತ್ತಾಗಿ ಜೋಳದ ಒಣದಂಟಿನ ಸಪ್ಪೆ ಹಾಸಿ, ಮೇಲೆ ಮಣ್ಣು ಹಾಕಿ, ನೀರು ಚಿಮುಕಿಸಿ ತುಳಿದಿದ್ದರು. ಬೇಸಿಗೆಯಲ್ಲಿ ಎತ್ತಿನ ಬಾಯಿಗೆ ಹೋಗಬೇಕಾದ ಸಪ್ಪೆ ಅದು. ಟಾಂಗಾ ಕುಲುಕದೆ ದಾಟಿತು. ಆಚೆ ದಡದಲ್ಲಿ ಹಟ್ಟಿಯ ಹಿರಿಯ ತಿಪ್ಪಯ್ಯ ಕೈ ಮುಗಿದು ನಿಂತಿದ್ದರು. ನಿಂಗವ್ವನ ಸೆರಗಿನ ತುಂಬ ಸಪ್ಪೆಯ ಧೂಳು.

ನಾನು ತಿಪ್ಪಯ್ಯನವರನ್ನು ಪಕ್ಕಕ್ಕೆ ಕರೆದೆ. "ಇದೇನು ಮಾಡಿದಿರಿ?"

"ದೊರೆಗಳು ಬರ್ತಾರಂದ್ರೆ ದಾರಿ ಹಂಗೇ ಬಿಡೋಕಾಗ್ತೈತೇನ್ರಿ? ಅವರ ಸೊಂಟ ಉಳುಕಿದ್ರೆ ಗ್ರಾಂಟ್ ಯಾರು ಕೊಡ್ತಾರೆ? ಇದೆಲ್ಲ ನಿಂಗವ್ವನ ಹಟ. ತನ್ನ ಬಣವೆನೇ ಬಿಚ್ಚಿ ಹಾಕವ್ಳೆ."

ಸಾಹೇಬರು ಕೆಳಗಿಳಿದು ಬೂಟಿನಿಂದ ನೆಲ ಒತ್ತಿ ನೋಡಿದರು. "ಗಾಡಿ ಮರಳಲ್ಲಿ ಹೂತುಹೋಗುತ್ತದೆ ಅಂತ ಬೋರ್ಡು ಬರೆದಿದೆ. ಮರಳೆಲ್ಲಿ?"

ತಾವು ಬರುತ್ತೀರೆಂದು ನಿನ್ನೆ ಹಾಸಿದ್ದು, ಮೊದಲ ಮಳೆಗೇ ಕೊಚ್ಚಿಹೋಗುತ್ತದೆ ಎಂದು ವಿವರಿಸಿದೆ.

"ಒಂದು ದಿನದಲ್ಲಿ ಇಷ್ಟು ಮಾಡುವವರು ವರ್ಷವರ್ಷವೂ ಮಾಡಿಕೊಳ್ಳಲಿ" ಎಂದರು. ಆ ವರ್ಷದ ಗ್ರಾಂಟ್ ಬೇರೊಂದು ತಾಲ್ಲೂಕಿಗೆ ಹೋಯಿತು.

ಭಾದ್ರಪದದಲ್ಲಿ ದಾರಿ ರಿಪೇರಿಗೆಂದು ನಾನು ಅಲ್ಲಿದ್ದೆ. ಹಳ್ಳ ತುಂಬಿ ಕೆಂಪಗೆ ಹರಿಯುತ್ತಿತ್ತು. ಆಚೆ ದಡಕ್ಕೆ ಕಮಾನುಗಾಡಿಯೊಂದು ಬಂದು ನಿಂತಿತು. ಬೋರಮ್ಮ ಇಳಿದು ನೀರಿನ ಅಂಚಿಗೆ ಬಂದಳು. ಈಚೆಯಿಂದ ನಿಂಗವ್ವ ಬಾಯಿಗೆ ಕೈ ಅಡ್ಡಹಿಡಿದು ಕೂಗಿದಳು:

"ಬೋರೀ, ಉಂಡಿದ್ದೀಯೇನೇ?"

"ಉಂಡಿದ್ದೀನಿ ಕಣವ್ವ! ಕಾಲು ಬಾತ್ಕಂಡವೆ!"

"ಕುಂತ್ಕಳೇ! ನೀರಿಳೀತೈತೆ!"

ನೀರು ಇಳಿಯಲಿಲ್ಲ. ಹೊತ್ತು ಬಾಗಿದ ಮೇಲೆ ಗಾಡಿಯವನು ಎತ್ತು ತಿರುಗಿಸಿದ. ಗಾಡಿ ಕಣ್ಮರೆಯಾದ ಮೇಲೂ ನಿಂಗವ್ವ ಅಲ್ಲೇ ನಿಂತಿದ್ದಳು. ಕೈಯಲ್ಲಿ ಮಗಳಿಗೆಂದು ತಂದ ಹುರಿಗಡಲೆ ಉಂಡೆಯ ಗಂಟು ಇತ್ತು. ತಿಪ್ಪಯ್ಯನವರು ಮನೆಗೆ ಕರೆದರೆ, "ನೀವು ನಡೀರಿ, ಬರ್ತೀನಿ" ಎಂದಳು.

ಬೋರಮ್ಮ ರಾಂಪುರದಲ್ಲೇ ಹೆತ್ತಳು. ಹೆಣ್ಣು ಮಗು. ಹಳ್ಳ ಬತ್ತಿದ ಮೇಲೆ ನಿಂಗವ್ವ ನಡೆದುಹೋಗಿ ಮೊಮ್ಮಗಳನ್ನು ನೋಡಿದಳು.

ಅಂದಿನಿಂದ, ಮೇಲಿನವರು ಸ್ಥಳ ನೋಡಲು ಬರುವ ಮುಂಚೆ ನಾನೇ ಹಳ್ಳಿಗೆ ಹೋಗಿ ಹೇಳುತ್ತಿದ್ದೆ: ದಾರಿಗೆ ಕೈ ಹಚ್ಚಬೇಡಿ, ಇದ್ದದ್ದು ಇದ್ದ ಹಾಗೇ ಕಾಣಲಿ. ಅದನ್ನು ಕಲಿತ ಮೇಲೆ ಬೇರೆ ಹಳ್ಳಗಳಿಗೆ ಸೇತುವೆಗಳಾದವು. ಈ ಹಳ್ಳದ ಅರ್ಜಿಯನ್ನು ಬೋರ್ಡು ಮತ್ತೆ ಕಳಿಸಿತು. ನಾನು ವರ್ಗವಾಗುವವರೆಗೂ ಮಂಜೂರಾಗಲಿಲ್ಲ.

ಕಳೆದ ತಿಂಗಳು ರಾಂಪುರದ ಗಾಡಿಯವನೊಬ್ಬ ಸಿಕ್ಕಿದ್ದ. ಬೋರಮ್ಮ ಮತ್ತೆ ಬಸುರಿಯಂತೆ; ಈ ಸಲ ಶ್ರಾವಣದ ಕೊನೆಗೇ ಏಳು ತುಂಬುತ್ತದಂತೆ. ಸೇತುವೆ ಇನ್ನೂ ಆಗಿಲ್ಲ. ಶ್ರಾವಣ ಮುಗಿಯುವ ಮುಂಚೆಯೇ ಮಗಳ ಗಾಡಿ ದಾಟಲೆಂದು ನಿಂಗವ್ವ ಹಳ್ಳಕ್ಕೆ ಸಪ್ಪೆ ಹಾಸಿದ್ದಾಳಂತೆ.