ಮೂಲೆ ಕತ್ತರಿಸಿದ ಗೌಂಡಿ

ಬೈಲಹೊಂಗಲದ ಪೇಟೆಯಲ್ಲಿ ನಮ್ಮ ಹಳೆಯ ಅಂಗಡಿ ಕೆಡವಿ ಹೊಸದು ಕಟ್ಟಲು ಬಂದ ಗೌಂಡಿ ಮೊದಲ ಮೂರು ದಿನ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಎದುರಿನ ಕಟ್ಟೆಯ ಮೇಲೆ ಕುಳಿತು, ಬೀದಿಯಲ್ಲಿ ನಡೆಯುವವರನ್ನೇ ನೋಡುತ್ತಿದ್ದರು. ಕೇಳಿದರೆ, "ಮಂದಿ ಹೆಂಗ ಅಡ್ಡಾಡತಾರ ನೋಡೂಣ್ರಿ, ಆಮ್ಯಾಲ ಗ್ವಾಡಿ," ಎನ್ನುತ್ತಿದ್ದರು.

ನಾಲ್ಕನೇ ದಿನ, ಎರಡು ಬೀದಿ ಕೂಡುವ ನಮ್ಮ ಮೂಲೆಯನ್ನು ಓರೆಯಾಗಿ ಕತ್ತರಿಸಬೇಕೆಂದು ಅಂಗಡಿಯ ನೆಲದ ಮೇಲೆ ಸುಣ್ಣದ ಗೆರೆ ಎಳೆದರು. ಆ ಮೂಲೆಯಲ್ಲಿ ನನಗೊಂದು ಬೇರೆ ಅಂಗಡಿ ಮಾಡಿಕೊಡುವುದಾಗಿ ಅಪ್ಪ ಮಾತು ಕೊಟ್ಟಿದ್ದರು. ಸಿಟ್ಟು ತಡೆಯಲಾರದೆ ಗೆರೆಯನ್ನು ಕಾಲಿನಿಂದ ಅಳಿಸಿದೆ.

ಗೌಂಡಿ ದನಿ ಏರಿಸಲಿಲ್ಲ. "ಸಾವಕಾರ್ರ, ಒಂದ ತಾಸು ಇಬ್ರೂ ನನ್ನ ಬಾಜೂಕ ಕೂಡ್ರಿ. ಆಮ್ಯಾಲ ನೀವು ಹೇಳಿದಂಗ ಕಟ್ಟತೇನಿ," ಎಂದರು ಅಪ್ಪನಿಗೆ.

ಕಟ್ಟೆಯ ಮೇಲೆ ಅವರ ಪಕ್ಕ ಕುಳಿತೆವು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ನಮ್ಮ ಮೂಲೆ ಬಳಸಿ ಹೋಗಲು ರಸ್ತೆಗಿಳಿದಳು. ತಿರುವಿನಲ್ಲಿ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ಅವಳಿಗೆ ಕಾಣಲೇ ಇಲ್ಲ. ನಾವು ಕೂಗುವಷ್ಟರಲ್ಲಿ ಕಬ್ಬಿನ ತುದಿ ತಗುಲಿ ಬುಟ್ಟಿ ಉರುಳಿತು. ಅವಳು ನಮ್ಮ ಗೋಡೆಗೆ ಅಂಟಿಕೊಂಡು ನಿಂತಳು.

ಅಪ್ಪ ನನ್ನ ಮುಖ ನೋಡಿದರು.

"ಕತ್ತರಸ್ರಿ," ಎಂದೆ ನಾನೇ.

ಗೌಂಡಿ ಕೆಳಗಷ್ಟೇ ಮೂಲೆ ಕತ್ತರಿಸಿ, ಮೇಲಿನ ಮಾಳಿಗೆಯ ನೆರಳಲ್ಲಿ ಮಂದಿ ನಡೆಯಲು ದಾರಿ ಬಿಟ್ಟರು. ಹೊಸ ಅಂಗಡಿಯ ಪೂಜೆಯ ದಿನ ಅಪ್ಪ ಅವರನ್ನು ಊಟಕ್ಕೆ ಕರೆದಾಗ, "ಬರತೇನ್ರಿ," ಎಂದರು. ಒಳಗೆ ಬರುತ್ತಾರೆಂದು ನಾವು ತಿಳಿದೆವು. ಅವರು ಸಂತೆಗೆ ಹೊರಟ ಮಂದಿಯೊಳಗೆ ಸೇರಿ, ತಾವೇ ಬಿಟ್ಟ ಆ ದಾರಿಯಲ್ಲಿ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದು, ಹಾಗೆಯೇ ಹೊರಟುಹೋದರು.