ಆರ್ಥರ್ ಅಜ್ಜನ ಬಾಕ್ಸರ್‌ಗಳ ಪಟ್ಟಿ

ಆಗಿನ್ನೂ ನಮ್ಮ ಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ನಾವು ಡಚ್ಚರ ನಾಡಿನ ನ್ಯೂವೆಗೈನ್ ಎಂಬ ಊರಿನಲ್ಲಿ, ನಾಲ್ಕು ಮಹಡಿಯ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೆವು. ಅಪ್ಪ, ಅವ್ವ ಇಬ್ಬರದೂ ಧಾರವಾಡ. ಅಪ್ಪ ನೀರೆತ್ತುವ ಪಂಪುಗಳ ಎಂಜಿನಿಯರು. ಅವ್ವನಿಗೆ ಊರಿಗೆ ಮಾತಾಡಲು ವಾರಕ್ಕೊಂದು ಟೆಲಿಫೋನ್ ಕಾರ್ಡು. ನನಗೆ ಹತ್ತು ವರ್ಷ, ತಲೆತುಂಬ ಪ್ರಶ್ನೆಗಳು. "ಈಕಿ ಸುಮ್ನ ಕೂತ್ರ ಜ್ವರ ಬಂದದ ಅಂತ ತಿಳೀಬೇಕು" ಎಂದು ಅವ್ವ ಫೋನಿನಲ್ಲಿ ಊರಿನವರಿಗೆಲ್ಲ ಹೇಳುತ್ತಿದ್ದಳು.

ನನ್ನ ಪ್ರಶ್ನೆಗಳನ್ನು ಬೇಸರವಿಲ್ಲದೆ ಕೇಳುತ್ತಿದ್ದವರು ನೆಲಮಹಡಿಯ ಆರ್ಥರ್ ಅಜ್ಜ. ಇಂಗ್ಲೆಂಡಿನವರು. ಹರೆಯದಲ್ಲಿ ರಾಟರ್‌ಡ್ಯಾಮ್ ಬಂದರಿಗೆ ಕೆಲಸಕ್ಕೆ ಬಂದು, ಡಚ್ ಹೆಂಗಸನ್ನು ಮದುವೆಯಾಗಿ, ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡಿದ್ದರು. ಅವರ ಅಡಿಗೆಮನೆಯಲ್ಲಿ ಸುಟ್ಟ ಬ್ರೆಡ್ಡು, ಕಡು ಚಹಾ ಮತ್ತು ಮೊಣಕಾಲಿಗೆ ಹಚ್ಚುವ ಮುಲಾಮು ಮೂರೂ ಕೂಡಿದ ಒಂದು ವಾಸನೆ. ಅವ್ವ ಕೊಟ್ಟ ಶೇಂಗಾ ಹಿಂಡಿಯನ್ನು, ಆ ಖಾರದ ಚಟ್ನಿಪುಡಿಯನ್ನು, ಅವರು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿನ್ನುತ್ತಿದ್ದರು. ಅಜ್ಜ ಮಾತಾಡುತ್ತಿದ್ದುದು ಇಂಗ್ಲಿಷು. ಅದೇಕೋ ಈಗ ನೆನಪಾಗುವಾಗ ಎಲ್ಲ ಕನ್ನಡದಲ್ಲೇ ಕೇಳಿಸುತ್ತದೆ.

ಅವರ ಕಪಾಟಿನ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ ಬಾಕ್ಸರ್‌ಗಳಲ್ಲಿ ಸಾರ್ವಕಾಲಿಕ ಶ್ರೇಷ್ಠರು ಹತ್ತು ಜನ. ಎರಡರಿಂದ ಹತ್ತರವರೆಗಿನ ಹೆಸರುಗಳು ಪೆನ್ಸಿಲಿನಲ್ಲಿ. ಅಜ್ಜನ ಮನಸ್ಸು ಬದಲಾದಂತೆ ಮೇಲೆ ಕೆಳಗೆ ಆಗುತ್ತಿದ್ದವು. ಬಿಸ್ಕತ್ತಿನ ಡಬ್ಬಿಯಲ್ಲಿ ಪತ್ರಿಕೆಗಳಿಂದ ಕತ್ತರಿಸಿದ ಆ ಬಾಕ್ಸರ್‌ಗಳ ಚಿತ್ರಗಳಿದ್ದವು. ಕೈಗವಸೇ ಇಲ್ಲದ ಕಾಲದಲ್ಲಿ ಒಬ್ಬ ಬೀಳುವತನಕ ಕಾದಾಡಿದವನು, ನಮ್ಮ ಶಾಲೆಯ ಹುಡುಗರಷ್ಟೇ ತೂಕವಿದ್ದರೂ ಯಾರ ಗುದ್ದಿಗೂ ಸಿಗದವನು, ಮೂಗು ಮೂರು ಸಲ ಮುರಿದವನು. ಅವ್ವ ಒಮ್ಮೆ ಆ ಚಿತ್ರಗಳನ್ನು ನೋಡಿ, "ಇವ್ರೆಲ್ಲಾ ನಮ್ಮ ಗರಡಿಮನಿ ಪೈಲ್ವಾನ್ರ ಹಂಗ ಇದ್ದಾರ. ಮಣ್ಣೊಂದ ಹಚ್ಚಿಲ್ಲ" ಅಂದಳು.

ಅಜ್ಜನದು ಒಂದೇ ನಿಯಮ. ಹುಟ್ಟು ಇಂಗ್ಲೆಂಡಿನಲ್ಲೇ ಆಗಿರಬೇಕು. ಅಪ್ಪ ಅಮ್ಮ ಯಾವ ದ್ವೀಪದಿಂದ ಹಡಗು ಹತ್ತಿ ಬಂದವರಾದರೂ ಚಿಂತೆಯಿಲ್ಲ. ಸ್ಕಾಟ್ಲೆಂಡಿನವರು, ವೇಲ್ಸಿನವರು ಮಾತ್ರ ಎಷ್ಟೇ ಘಟಾನುಘಟಿಗಳಾಗಿದ್ದರೂ ಹೊರಗೆ. "ನಿಯಮ ಅಂದರೆ ನಿಯಮ. ಇಲ್ಲದಿದ್ದರೆ ಅದು ಪಟ್ಟಿಯಲ್ಲ, ಸಂತೆ" ಎನ್ನುತ್ತಿದ್ದರು.

ಮೊದಲ ಹೆಸರು ಮಾತ್ರ ಶಾಯಿಯಲ್ಲಿತ್ತು: ಅಜ್ಜನ ಅಣ್ಣ ಫ್ರ್ಯಾಂಕ್. ಕಲ್ಲಿದ್ದಲ ಗಣಿಯಲ್ಲಿ ಹಗಲಿಡೀ ದುಡಿದು ಸಂಜೆ ಬಾಕ್ಸಿಂಗ್ ಆಡುತ್ತಿದ್ದವನು. ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅಣ್ಣನನ್ನು ಕುರಿತು ಹೇಳುವಾಗ ಅಜ್ಜ ಎದ್ದು ನಿಲ್ಲುತ್ತಿದ್ದರು. ಗದ್ದ ಕೆಳಗೆ, ಮುಷ್ಟಿ ಮೇಲೆ, ಎಡಗಾಲು ಮುಂದೆ. ಬಿಸಿ ಪಾತ್ರೆ ಇಳಿಸುವ ದಪ್ಪ ಗವಸುಗಳನ್ನು ನನ್ನ ಕೈಗೆ ತೊಡಿಸಿ, ಫ್ರ್ಯಾಂಕ್‌ನ ಎಡಗೈ ಹೊಡೆತವನ್ನು ನನಗೂ ಕಲಿಸಿದ್ದರು. ಆ ಪಟ್ಟಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಫ್ರ್ಯಾಂಕ್‌ನ ಹೆಸರು ಇರಲಿಲ್ಲ. ಇದು ಹತ್ತು ವರ್ಷದ ನನಗೂ ಗೊತ್ತಿತ್ತು.

ಆ ಚಳಿಗಾಲ ಶಾಲೆಯಲ್ಲಿ ನನ್ನ ಸ್ಪ್ರೇಕ್‌ಬ್ಯೂರ್ಟ್ ಬಂತು. ಡಚ್ ಶಾಲೆಗಳಲ್ಲಿ ಪ್ರತಿ ಮಗುವೂ ವರ್ಷಕ್ಕೊಮ್ಮೆ ತನಗೆ ಬೇಕಾದ ವಿಷಯ ಹಿಡಿದು ಇಡೀ ತರಗತಿಯ ಮುಂದೆ ಮಾತಾಡಬೇಕು. ಅದಕ್ಕೆ ಆ ಹೆಸರು, ಮಾತಿನ ಸರದಿ ಎಂದು. ಬೇರೆ ಹುಡುಗಿಯರು ಕುದುರೆ, ಮೊಲ ಎಂದು ಬರೆಸಿದರು. ನಾನು ಅಜ್ಜನ ಹತ್ತು ಬಾಕ್ಸರ್‌ಗಳು ಎಂದೆ. ಅಜ್ಜನಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ಒಬ್ಬೊಬ್ಬರದೂ ಹುಟ್ಟಿದ ಊರು, ತೂಕ, ಮೆಚ್ಚಿನ ಹೊಡೆತ ಬರೆಸಿದರು. ಕೊನೆಗೆ ಫ್ರ್ಯಾಂಕ್‌ನ ಸರದಿ.

"ಅಜ್ಜ, ಫ್ರ್ಯಾಂಕ್ ನಿಮ್ಮಮ್ಮನಿಗೆ ಎಷ್ಟನೇ ಮಗ?"

"ಮೊದಲನೆಯವನು. ನಾನು ಆರನೆಯವನು."

"ನಿಮ್ಮಮ್ಮನ ತವರುಮನೆ ಎಲ್ಲಿ?"

"ವೇಲ್ಸ್. ಯಾಕೆ?"

"ಹಾಗಾದರೆ ಫ್ರ್ಯಾಂಕ್ ಹುಟ್ಟಿದ್ದು ವೇಲ್ಸಿನಲ್ಲಿ" ಎಂದು ನಾನು ಬರೆದುಕೊಂಡೇ ಬಿಟ್ಟೆ.

ನನ್ನ ಮಟ್ಟಿಗೆ ಅದು ಲೆಕ್ಕದಷ್ಟು ಸರಳ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲೇ. ಅವ್ವನ ಫೋನಿನಲ್ಲಿ ಕೇಳಿದ್ದೆಲ್ಲ ಅದೇ ತಾನೆ: ಇವಳು ಹೆರಿಗೆಗೆ ತವರಿಗೆ ಬಂದಳು, ಅವಳನ್ನು ಕರೆತರಲು ಅಣ್ಣ ಹೋದ. ಜಗತ್ತಿನ ಎಲ್ಲ ಅಮ್ಮಂದಿರೂ ಹಾಗೇ ಮಾಡುತ್ತಾರೆಂದು ತಿಳಿದಿದ್ದೆ. ಅಜ್ಜ ಮೊದಲು ಜೋರಾಗಿ ನಕ್ಕರು. "ಇಂಗ್ಲೆಂಡಿನಲ್ಲಿ ಆ ಪದ್ಧತಿ ಇಲ್ಲ ಮಗು" ಎಂದರು. ಚಹಾ ಬಗ್ಗಿಸಿದರು. ಬಗ್ಗಿಸಿದ ಚಹಾ ಕುಡಿಯದೆ ಕೂತರು. ಆಮೇಲೆ ನಿಧಾನವಾಗಿ, "ಅವನು ಎಲ್ಲಿ ಹುಟ್ಟಿದ ಅಂತ ನಾನು ಯಾರನ್ನೂ ಕೇಳಿಯೇ ಇಲ್ಲ" ಎಂದರು.

ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ತಲೆ ಚಚ್ಚಿಕೊಂಡರು. "ಲೇ ಶಾಣ್ಯಾಕಿ, ನೀನೂ ಚೊಚ್ಚಲ ಮಗಳs. ನಾ ಓದ್ಲಿಕ್ಕೆ ಹೋದಾಗ ಇಂಗ್ಲೆಂಡಿನ್ಯಾಗ ಹುಟ್ಟೀದಿ. ನಿನ್ನ ಲೆಕ್ಕದ ಪ್ರಕಾರ ನೀ ಧಾರವಾಡದಾಗ ಹುಟ್ಟಬೇಕಿತ್ತು."

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿದಳು, ಮತ್ತೆ ನಾದತೊಡಗಿದಳು. "ಹೆರಗಿ ಸುದ್ದಿ ಗಂಡಸ್ರಿಗೇನ್ ಗೊತ್ತಿರತದ? ಅಜ್ಜಾಗ ಹೇಳು, ಅವ್ರ ತಾಯಿ ತವರಮನಿಯವ್ರು ಯಾರರೆ ಇದ್ರ ಕೇಳ್ರಿ ಅನ್ನು" ಎಂದಳು.

ಅಜ್ಜನಿಗೆ ವೇಲ್ಸಿನಲ್ಲಿ ಒಬ್ಬ ಚಿಕ್ಕಮ್ಮ, ಅವರ ಅಮ್ಮನ ತಂಗಿ, ಇದ್ದಳಂತೆ. ತೊಂಬತ್ತು ದಾಟಿದವಳು, ಅಕ್ಕನ ಮದುವೆಯ ಹೊತ್ತಿಗೆ ಅವಳು ಶಾಲೆಯ ಹುಡುಗಿ. ಅಜ್ಜ ಅವಳಿಗೆ ಕಾಗದ ಬರೆದರು. ಉತ್ತರ ಬರುವತನಕ ನನಗೆ ಊಟ ರುಚಿಸಲಿಲ್ಲ. ಫ್ರ್ಯಾಂಕ್ ಇಂಗ್ಲೆಂಡಿನಲ್ಲೇ ಹುಟ್ಟಿರಲಿ ದೇವರೇ ಎಂದು ಒಂದು ಮನಸ್ಸು. ನನ್ನ ಮಾತು ನಿಜವೋ ಸುಳ್ಳೋ ಎಂದು ತಿಳಿಯಲೇಬೇಕೆಂದು ಇನ್ನೊಂದು ಮನಸ್ಸು. ಆ ಎರಡನೆಯದೇ ದೊಡ್ಡದಿತ್ತು, ನಾಚಿಕೆಯಾದರೂ ಹೇಳುತ್ತೇನೆ.

ನನ್ನ ಭಾಷಣಕ್ಕೆ ಎರಡು ದಿನ ಇರುವಾಗ ಆರ್ಥರ್ ಅಜ್ಜ ನೋಯುವ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಚಿಕ್ಕಮ್ಮನ ಕಾಗದ. ಅಡಿಗೆಮನೆಯ ಕುರ್ಚಿಯಲ್ಲಿ ಕೂತು ಓದಿದರು; ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅಕ್ಕ ಏಳು ತಿಂಗಳ ಬಸುರಿ ಇದ್ದಾಗ ಒಂದು ಚೀಲ ಹಿಡಿದು ರೈಲಿನಲ್ಲಿ ಒಬ್ಬಳೇ ಬಂದಳು. ಮೊದಲ ಹೆರಿಗೆ ಅಮ್ಮನ ಹತ್ತಿರವೇ ಆಗಬೇಕೆಂದು ಗಂಡನೊಡನೆ ಜಗಳವಾಡಿ ಬಂದಿದ್ದಳು. ಕೂಸು ಎಷ್ಟು ಸಣ್ಣದಿತ್ತೆಂದರೆ ಮೇಜಿನ ಡ್ರಾಯರಿನಲ್ಲಿ ಹತ್ತಿ ಹಾಸಿ ಮಲಗಿಸಿದರು. ಮೂರು ದಿನ ಅದು ಮುಷ್ಟಿ ಬಿಚ್ಚಲಿಲ್ಲ. ಅಂಗೈ ತೊಳೆಯಲು ಹೋಗಿ ಕೂಸಿನ ಅಜ್ಜಿ ಸೋತಳು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ, ಎಲ್ಲಾ ಕಡೆ ಹೆಣಮಕ್ಕಳ ಜೀವ ಒಂದs" ಎಂದಳು. ಅಜ್ಜ ಅದೇನೆಂದು ಕೇಳಿದರು, ಹೇಳಿದೆ. ತಲೆಯಾಡಿಸಿದರು.

ಮರುದಿನ ಅವರ ಮನೆಗೆ ಹೋದಾಗ ಕಪಾಟಿನ ಬಾಗಿಲು ತೆರೆದಿತ್ತು. ಫ್ರ್ಯಾಂಕ್‌ನ ಹೆಸರಿನ ಮೇಲೆ ಅಡ್ಡಗೆರೆ. ರೂಲರ್ ಇಟ್ಟು ನೆಟ್ಟಗೆ ಎಳೆದದ್ದು. ನಾನು ಹೋ ಎಂದು ಅತ್ತುಬಿಟ್ಟೆ. ನಾನು ಕೇಳಬಾರದಿತ್ತು, ಶಾಲೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಮತ್ತೆ ಬರೆಯಿರಿ ಎಂದು ಗೋಗರೆದೆ.

"ಆ ನಿಯಮದ ಮೇಲೆ ನಾನು ಎಷ್ಟು ದೊಡ್ಡ ದೊಡ್ಡವರನ್ನು ಹೊರಗಿಟ್ಟಿದ್ದೇನೆ ಗೊತ್ತಾ?" ಎಂದರು ಅಜ್ಜ. "ನನ್ನ ಅಣ್ಣ ಅಂತ ಒಳಗೆ ಬಿಟ್ಟರೆ ಅವರಿಗೆ ಯಾವ ಮುಖ ತೋರಿಸಲಿ?" ಆಮೇಲೆ ನನ್ನ ಮೂಗು ಒರೆಸಿ, "ಅಮ್ಮ ಸತ್ತು ನಲವತ್ತು ವರ್ಷ. ಅವಳು ಒಬ್ಬಳೇ ರೈಲು ಹತ್ತಿದ್ದು ನನಗೆ ನಿನ್ನೆ ಗೊತ್ತಾಯಿತು. ನೀನು ಕೇಳಿದ್ದಕ್ಕೆ" ಎಂದರು.

ತರಗತಿಯಲ್ಲಿ ನಾನು ಒಂಬತ್ತು ಬಾಕ್ಸರ್‌ಗಳ ಬಗ್ಗೆ ಹೇಳಿದೆ. ಮೊದಲ ಸ್ಥಾನ ಖಾಲಿ ಎಂದೆ. ಯಾಕೆ ಖಾಲಿ ಎಂದು ಒಬ್ಬಳು ಕೇಳಿದಾಗ ಫ್ರ್ಯಾಂಕ್‌ನ ಕತೆಯನ್ನು ಡ್ರಾಯರಿನಿಂದ ಶುರುಮಾಡಿ ಗಂಟೆ ಹೊಡೆಯುವತನಕ ಹೇಳಿದೆ. ಟೀಚರು ಹತ್ತಕ್ಕೆ ಎಂಟು ಕೊಟ್ಟರು. ಅಲ್ಲಿ ಅದು ದೊಡ್ಡ ಸಂಗತಿ.

ಮುಂದೆ ನಾವು ಆಮರ್ಸ್‌ಫೋರ್ಟ್‌ಗೆ ಮನೆ ಬದಲಿಸಿದೆವು. ಎರಡು ವರ್ಷಕ್ಕೆ ಅಜ್ಜ ತೀರಿಕೊಂಡರು. ಈಗ ಯಾವ ಬಾಕ್ಸರ್ ಎಲ್ಲಿ ಹುಟ್ಟಿದನೆಂದು ಫೋನು ಕ್ಷಣದಲ್ಲಿ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಶ್ರೇಷ್ಠರ ಪಟ್ಟಿಗಳು ಬೇಕಾದಷ್ಟಿವೆ. ಫ್ರ್ಯಾಂಕ್ ಯಾವುದರಲ್ಲೂ ಇಲ್ಲ. ವೇಲ್ಸಿನ ಪಟ್ಟಿಗಳಲ್ಲೂ ಇಲ್ಲ. ಅವನು ತನ್ನ ಊರಿನ ಮಟ್ಟಿಗೆ ಒಳ್ಳೆಯ ಆಟಗಾರ, ಅಷ್ಟೇ ಎಂದು ಈಗ ಅರ್ಥವಾಗುತ್ತದೆ. ಆದರೂ ಅವನು ಹುಟ್ಟಿದ ದಿನ ನನಗೆ ಬಾಯಿಪಾಠ: ರೈಲು, ಚೀಲ, ಹತ್ತಿ, ಬಿಚ್ಚದ ಮುಷ್ಟಿ.

ನಾನು ಹುಟ್ಟಿದ ದಿನ ಮಾತ್ರ ಗೊತ್ತಿಲ್ಲ. ಊರಿಗೆಲ್ಲ ಪ್ರಶ್ನೆ ಕೇಳಿದ ನಾನು ಅವ್ವನನ್ನು ಅದೊಂದು ಕೇಳಲಿಲ್ಲ. ಇಂಗ್ಲೆಂಡಿನ ಆ ಆಸ್ಪತ್ರೆಯಲ್ಲಿ ಅವಳ ತಾಯಿಯಿಲ್ಲ, ತಂಗಿಯಿಲ್ಲ. ಕಾಗದ ಬರೆದು ಕೇಳೋಣವೆಂದರೆ ಯಾರನ್ನು ಕೇಳುವುದು? ಅವ್ವ ಹೋಗಿ ನಾಲ್ಕು ವರ್ಷವಾಯಿತು. ಮೊನ್ನೆ ಅಪ್ಪನನ್ನು ಕೇಳಿದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಭಾಳ ಥಂಡಿ ಇತ್ತು" ಎಂದರು.