ಹೆಬ್ಬೆರಳು ಮುಳುಗಲಿಲ್ಲ

ಕಳೆದ ಶನಿವಾರ ನಮ್ಮ ಚರ್ಚಿನಲ್ಲಿ ಎಲ್ಲರೂ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನೊಬ್ಬಳು ಕೂಗಿದೆ: "ಆಗಿಲ್ಲ! ಇನ್ನೊಮ್ಮೆ ಮುಳುಗಿಸು!"

ಮುಳುಗಿ ಎದ್ದಿದ್ದವಳು ನನ್ನ ಮೊಮ್ಮಗಳು ಸಾರಾ. ಮುಳುಗಿಸಿದವನು ನನ್ನ ಮಗ ಪ್ರಕಾಶ. ನೀರಿನ ಪಕ್ಕದ ಮೆಟ್ಟಿಲ ಮೇಲೆ ಅವಳಿಗೆ ಟವೆಲ್ ಸುತ್ತಿ ನಿಂತಿದ್ದವರು ನನ್ನ ಬೀಗತಿ, ಅಂದರೆ ಸೊಸೆಯ ತಾಯಿ, ಇದೇ ಹೈದರಾಬಾದಿನ ತಾರ್ನಾಕದ ವಸುಂಧರಮ್ಮ.

ಇಡೀ ರಗಳೆ ಆ ಟವೆಲ್ಲಿನದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಮಾರ್ಮನ್ ಚರ್ಚಿನವರು. (ಒಬ್ಬನಿಗೆ ಹತ್ತು ಹೆಂಡಿರಂತೆ ಹೌದಾ ಎಂದು ಕೇಳಬೇಡಿ. ಅದು ಯಾವ ಕಾಲದ್ದೋ. ನನ್ನ ಗಂಡನಿಗೆ ನನ್ನೊಬ್ಬಳನ್ನು ಸಂಭಾಳಿಸುವಷ್ಟರಲ್ಲಿ ಜನ್ಮ ಮುಗಿಯಿತು.) ಚಹಾ ಇಲ್ಲ, ಕಾಫಿ ಇಲ್ಲ. ಹೈದರಾಬಾದಿನಲ್ಲಿದ್ದುಕೊಂಡು ಚಹಾ ಬಿಡುವುದೆಂದರೇನು ಎಂದು ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹತ್ತಿರ ಇರಾನಿ ಹೋಟೆಲಿನ ಮುಂದೆ ನಿಂತು ನೋಡಿ, ತಿಳಿಯುತ್ತದೆ. ಸೋಮವಾರ ಸಂಜೆ ಟಿವಿ ಬಂದ್ ಮಾಡಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹಾಡಿ, ಪ್ರಾರ್ಥನೆ ಮಾಡಿ, ಏನಾದರೂ ತಿನ್ನುತ್ತೇವೆ. ಜಗಳವಾಡುವುದಿದ್ದರೆ ಮಂಗಳವಾರ.

ನಮ್ಮಲ್ಲಿ ಹಾಲುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಎಂಟು ತುಂಬಬೇಕು. ಅಲ್ಲಿಯವರೆಗೆ ಮಕ್ಕಳು ಏನು ಮಾಡಿದರೂ ಪಾಪದ ಲೆಕ್ಕಕ್ಕೆ ಬರುವುದಿಲ್ಲ. ನೀರಿನಿಂದ ಎದ್ದ ಮೇಲೆ ಲೆಕ್ಕ ಶುರು.

ಚರ್ಚಿನೊಳಗೇ ಒಂದು ತೊಟ್ಟಿ ಇದೆ, ಸೊಂಟದಷ್ಟು ನೀರು. ಅಪ್ಪ, ಮಗಳು ಇಬ್ಬರೂ ಬಿಳಿ ಬಟ್ಟೆ ಹಾಕಿಕೊಂಡು ಇಳಿಯುತ್ತಾರೆ. ಅಪ್ಪ ಬಲಗೈ ಎತ್ತಿ, ಮಗಳ ಹೆಸರು ಹಿಡಿದು ಪ್ರಾರ್ಥನೆ ಹೇಳಿ, ಅವಳನ್ನು ಹಿಂದಕ್ಕೆ ಮಲಗಿಸಿ ಪೂರ್ತಿ ಮುಳುಗಿಸಿ ಎತ್ತುತ್ತಾನೆ. ಪೂರ್ತಿ ಅಂದರೆ ಪೂರ್ತಿ. ಜಡೆಯ ತುದಿ ಹೊರಗುಳಿದರೂ, ಬಟ್ಟೆಯ ಅಂಚು ತೇಲಿದರೂ ಅದು ಆಗಲಿಲ್ಲ ಎಂದೇ ಅರ್ಥ. ಮತ್ತೊಮ್ಮೆ ಮಾಡಬೇಕು. ಅದನ್ನು ನೋಡುವುದಕ್ಕೆಂದೇ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿರುತ್ತಾರೆ.

ಇನ್ನು ಟವೆಲ್. ಮೇಲೆ ಬಂದ ಮಗುವನ್ನು ಮೆಟ್ಟಿಲ ಹತ್ತಿರ ಟವೆಲ್ ಸುತ್ತಿ ಬರಮಾಡಿಕೊಳ್ಳಲು ಒಬ್ಬ ಹೆಂಗಸು ಬೇಕು. ಚರ್ಚಿನ ನಿಯಮದ ಪುಸ್ತಕದಲ್ಲಿ ಇದು ದೊಡ್ಡ ಕೆಲಸವಲ್ಲ. ಆದರೆ ನಾನು ಆ ನೀರಿನಿಂದ ಎದ್ದು ಬಂದವಳು, ನನಗೆ ಗೊತ್ತು. ಕಿವಿಯಲ್ಲಿ ನೀರು, ಕಣ್ಣಲ್ಲಿ ನೀರು, ಹಲ್ಲು ಕಟಕಟ. ಎದುರಿಗೆ ಒಂದು ಮುಖ. ನನ್ನನ್ನು ಬರಮಾಡಿಕೊಂಡ ಆ ಮುದುಕಿ ಸಿಸ್ಟರ್ ಹೆಸರು ಮರೆತಿದ್ದೇನೆ. (ನಮ್ಮ ಚರ್ಚಿನಲ್ಲಿ ಗಂಡಸರೆಲ್ಲ ಬ್ರದರ್, ಹೆಂಗಸರೆಲ್ಲ ಸಿಸ್ಟರ್.) ಮುಖ ಮರೆತಿಲ್ಲ.

ಸಾರಾ ಮುದುಕಿಯಾದಾಗಲೂ ನೆನಪಿರಬೇಕಾದ ಮುಖ ಯಾರದು? ನನ್ನದೇ ಅಲ್ಲವೇ?

ಹಾಗೆಂದುಕೊಂಡೇ ನಾನು ತಿಂಗಳ ಮೊದಲೇ ಸುಲ್ತಾನ್ ಬಜಾರಿಗೆ ಹೋಗಿ, ಅಂಗಡಿಯವನ ತಲೆ ತಿಂದು, ಒಳ್ಳೆಯ ಬಿಳಿ ಟವೆಲ್ ತಂದಿಟ್ಟಿದ್ದೆ. ಮುಂದಿನ ಭಾನುವಾರ ಊಟಕ್ಕೆ ಕೂತಾಗ ಸಾರಾ ಬಾಂಬ್ ಹಾಕಿದಳು.

"ಆಯಿ, ಟವೆಲ್ ಅಮ್ಮಮ್ಮ ಹಿಡೀತಾಳಂತ." (ನಾನು ಆಯಿ, ಅವರು ಅಮ್ಮಮ್ಮ. ಒಬ್ಬಳಿಗೆ ಎರಡೆರಡು ಭಾಷೆಯ ಅಜ್ಜಿಯರು.)

"ಯಾಕ? ನನಗೇನು ಕೈ ಇಲ್ಲೇನು?"

"ಕೈ ಐತಿ. ಮೊಣಕಾಲು ನೋವು ಐತಲ್ಲ ನಿಂಗ. ಮೆಟ್ಟಲ ಮ್ಯಾಲ ನೀರಿರ್ತೈತಿ, ಜಾರಿ ಬಿದ್ರ?"

ಎಂಟು ವರ್ಷದ ಹುಡುಗಿಗೆ ನನ್ನ ಮೊಣಕಾಲಿನ ಚಿಂತೆ ಯಾವಾಗಿನಿಂದ ಬಂತು? ಸೊಸೆ ಸುನೀತಳ ಕಡೆ ನೋಡಿದೆ. ಅವಳು ಪಪ್ಪಿನ, ಅಂದರೆ ಬೇಳೆಯ, ಪಾತ್ರೆಯೊಳಗೆ ಏನೋ ಹುಡುಕುತ್ತಿದ್ದಳು.

"ಯವ್ವಾ, ಒಂದು ಟವೆಲ್ ಸಲುವಾಗಿ ಯಾಕ ಮಾರಿ ಉಬ್ಬಿಸ್ಕೊಂಡು ಕುಂತಿ?" ಎಂದ ಪ್ರಕಾಶ.

"ನಾನೆಲ್ಲಿ ಉಬ್ಬಿಸೀನಿ? ನನ್ನ ಮಾರಿನ ಹಿಂಗ ಐತಿ. ಅನ್ನ ಹಾಕು."

ಹೊಟ್ಟೆಕಿಚ್ಚಾ? ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಲಿ?

ನೀವೇ ನೋಡಿ. ಬೆಳಗ್ಗೆ ಎಬ್ಬಿಸುವವಳು ನಾನು, ಹಾಲು ಕುಡಿ ಎಂದು ಬೆನ್ನು ಹತ್ತುವವಳು ನಾನು, ಸ್ಕೂಲ್ ಆಟೋದವನ ಜೊತೆ ಜಗಳವಾಡುವವಳು ನಾನು. ವಸುಂಧರಮ್ಮ ರೈಲ್ವೆ ಆಫೀಸಿನಲ್ಲಿದ್ದು ರಿಟೈರ್ ಆದವರು. ಅವರ ಮನೆಯಲ್ಲಿ ಎ.ಸಿ., ಫ್ರಿಜ್ಜಿನ ತುಂಬ ಐಸ್ ಕ್ರೀಮು. ರಜೆಯ ದಿನ ತಾರ್ನಾಕಕ್ಕೆ ಹೋದರೆ ಹುಡುಗಿ ರಾಣಿ. ತಲೆಯ ಹೇನು ತೆಗೆಯುವುದು ನಾನು. ಉಗುರಿಗೆ ನೇಲ್ ಪಾಲಿಶ್ ಹಚ್ಚುವುದು ಅವರು. ಮಕ್ಕಳಿಗೆ ಯಾರು ಇಷ್ಟವಾಗುತ್ತಾರೆ, ಹೇಳಿ?

ಚರ್ಚಿನಲ್ಲೂ ಇದೇ ಕಥೆ. ಬಾಡಿಗೆ ಮಹಡಿಯಲ್ಲಿ, ಕರೆಂಟ್ ಹೋದರೆ ಹಾಡಿನ ಪುಸ್ತಕದಿಂದಲೇ ಗಾಳಿ ಬೀಸಿಕೊಂಡು ಕೂರುತ್ತಿದ್ದ ಕಾಲದಿಂದ ಬಂದವಳು ನಾನು. ಅವರು ಬಂದದ್ದು ಮೊನ್ನೆ ಮೊನ್ನೆ. ಮೊದಲ ದಿನ ಯಾವ ಹಾಡು, ಯಾವ ಪುಟ ಎಂದು ತೆಗೆದುಕೊಟ್ಟವಳು ನಾನೇ. ಈಗ ಅವರು ಮುಂದೆ ನಿಂತು ಕೈ ಆಡಿಸಿ ಹಾಡಿಸುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು ಅವರ ಕೈ ನೋಡಿಕೊಂಡು ಹಾಡಬೇಕು!

ನಿಜವಾದ ಪ್ರೀತಿಯಲ್ಲಿ ಹೊಟ್ಟೆಕಿಚ್ಚಿಗೆ ಜಾಗವಿಲ್ಲ ಎಂದು ಭಾನುವಾರದ ಕ್ಲಾಸಿನಲ್ಲಿ ಬ್ರದರ್ ನವೀನ್ ಪಾಠ ಮಾಡಿದ. ಮೈಸೂರಿನ ಹುಡುಗ, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ, ಬಹಳ ಮೆತ್ತಗೆ ಮಾತಾಡುತ್ತಾನೆ. ಅವನಿಗಿನ್ನೂ ಮದುವೆಯಾಗಿಲ್ಲ. ಮೊಮ್ಮಗಳಾಗಲಿ, ಬೀಗತಿಯಾಗಲಿ ಬರುವುದಕ್ಕೆ ಬಹಳ ದಿನವಿದೆ. ಆಗ ಪಾಠ ಮಾಡಲಿ, ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ನನ್ನ ಮುಖ ಇಳಿದದ್ದು ಬಿಷಪ್ಪರಿಗೂ ಕಂಡಿತು. (ನಮ್ಮಲ್ಲಿ ಬಿಷಪ್ಪರಿಗೆ ಸಂಬಳವಿಲ್ಲ. ವಾರವಿಡೀ ಊರಿನವರ ಎ.ಸಿ. ರಿಪೇರಿ ಮಾಡುತ್ತಾರೆ, ಭಾನುವಾರ ನಮ್ಮನ್ನು.) ಬೀದರ ಕಡೆಯವರು. ಹತ್ತಿರ ಬಂದು ಹೇಳಿದರು:

"ಸಿಸ್ಟರ್, ನೀವು ಸಾಕ್ಷಿ ಆಗ್ರಿ. ಟವೆಲ್ಲಿಗಿಂತ ದೊಡ್ಡ ಜವಾಬ್ದಾರಿ ಅದ ಅದು."

"ಹಂಗಂದ್ರ ಆ ದೊಡ್ಡದು ಬೀಗತಿಗೆ ಕೊಡ್ರಿ. ಸಣ್ಣದು ನನಗಿರಲಿ."

ಬಿಷಪ್ ನಕ್ಕು ಬೆನ್ನು ತಟ್ಟಿ ಹೋದರು. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಕೆಲಸ ಕೆಲಸವೇ.

ಶನಿವಾರ ಬಂತು. ಸಾರಾ ಹಿಂದಿನ ದಿನವೇ ತಾರ್ನಾಕಕ್ಕೆ ಹೋಗಿ, ಕಾಲಿನ ಉಗುರಿಗೆಲ್ಲ ಗುಲಾಬಿ ಬಣ್ಣ ಹಚ್ಚಿಸಿಕೊಂಡು ಬಂದಿದ್ದಳು. ವಸುಂಧರಮ್ಮನ ಕೈಯಲ್ಲಿ ಮೊಲದ ಮರಿಯಂಥ ದಪ್ಪ ಟವೆಲ್. ಮೂಲೆಯಲ್ಲಿ ಸಾರಾ ಎಂದು ರೇಷ್ಮೆ ದಾರದಲ್ಲಿ ಕಸೂತಿ ಬೇರೆ! ನನ್ನ ಸುಲ್ತಾನ್ ಬಜಾರಿನ ಟವೆಲ್ ನನ್ನ ಬ್ಯಾಗಿನಲ್ಲಿತ್ತು. (ಯಾಕಿತ್ತು? ಇತ್ತು.)

ತೊಟ್ಟಿಯ ಈ ಬದಿಗೆ ನಾನು, ಆ ಬದಿಗೆ ಇನ್ನೊಬ್ಬ ಸಾಕ್ಷಿ ಬ್ರದರ್ ನವೀನ್. ಮೆಟ್ಟಿಲ ಮೇಲೆ ಬೀಗತಿ. ಪ್ರಕಾಶ ಕೈ ಎತ್ತಿದ, ಪ್ರಾರ್ಥನೆ ಹೇಳಿದ, ಆಮೆನ್ ಅಂದ, ಮಗಳನ್ನು ಹಿಂದಕ್ಕೆ ಮಲಗಿಸಿದ.

ತಲೆ ಮುಳುಗಿತು. ಜಡೆ ಮುಳುಗಿತು. ಬಟ್ಟೆ ಮುಳುಗಿತು. ಮತ್ತೆ ಆ ತುದಿಯಲ್ಲಿ, ನೀರಿನ ಮೇಲೆ ಟಣ್ಣನೆ ಎದ್ದಿತು ಒಂದು ಗುಲಾಬಿ ಹೆಬ್ಬೆರಳು.

ಬರೀ ಬೆರಳಾಗಿದ್ದರೆ ನನಗೂ ಕಾಣುತ್ತಿತ್ತೋ ಇಲ್ಲವೋ. ಬೀಗತಿ ಹಚ್ಚಿದ ಬಣ್ಣ ತೋರಿಸಿಕೊಟ್ಟಿತು.

ಅಲ್ಲಿ ನಾನು ಒಂದು ಕ್ಷಣ ತಡೆದೆ. ಹೇಳಿದರೆ ಎಲ್ಲರೂ ಏನನ್ನುತ್ತಾರೆ? ಟವೆಲ್ ಸಿಗಲಿಲ್ಲ ಎಂದು ಮುದುಕಿ ಸೇಡು ತೀರಿಸಿಕೊಂಡಳು ಎನ್ನುತ್ತಾರೆ. ಹೇಳದಿದ್ದರೆ? ನನ್ನ ಮೊಮ್ಮಗಳ ದೀಕ್ಷಾಸ್ನಾನ ಅರ್ಧಂಬರ್ಧ, ಅದು ನನಗೂ ದೇವರಿಗೂ ಮಾತ್ರ ಗೊತ್ತು. ಇಷ್ಟು ಯೋಚಿಸುವಷ್ಟರಲ್ಲಿ ಹುಡುಗಿ ಮೆಟ್ಟಿಲು ಹತ್ತಿ ಮೊಲದ ಮರಿಯೊಳಗೆ ಸೇರಿಕೊಂಡಿದ್ದಳು. ಬೀಗತಿಯ ಎದೆಗೆ ತಲೆ ಒರಗಿಸಿದ್ದಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗ ಕೂಗಿದ್ದು ನಾನು.

ಪ್ರಕಾಶ ನೀರಿನಲ್ಲಿ ನಿಂತೇ ಕೇಳಿದ: "ಯವ್ವಾ, ಖರೇನ ನೋಡಿದಿ?"

"ನೋಡಲಿ ಅಂತಾನ ನಿಂದ್ರಿಸ್ಯಾರಪ್ಪ ನನ್ನ ಇಲ್ಲಿ. ಎಡಗಾಲು ಹೆಬ್ಬೆಟ್ಟು ಮ್ಯಾಲಿತ್ತು."

ವಸುಂಧರಮ್ಮ ಟವೆಲ್ ಬಿಗಿ ಮಾಡಿದರು. "ಚಿನ್ನ ಪಿಲ್ಲ ಕದಾ ವದಿನಾ, ವದಿಲೇಯಂಡಿ" ಎಂದರು. ಚಿಕ್ಕ ಹುಡುಗಿಯಂತೆ, ಬಿಟ್ಟುಬಿಡಬೇಕಂತೆ. ವದಿನಾ ಅಂತೆ! ಎಷ್ಟು ಮಧುರವಾಗಿ ಅತ್ತಿಗೆ ಎಂದು ಕರೆದು ಎಷ್ಟು ಸಲೀಸಾಗಿ ಕೆಟ್ಟವಳನ್ನಾಗಿ ಮಾಡಿದರು ನೋಡಿ ನನ್ನನ್ನು.

ಬಿಷಪ್ ಇನ್ನೊಬ್ಬ ಸಾಕ್ಷಿಯ ಕಡೆ ತಿರುಗಿದರು. "ಬ್ರದರ್, ನೀವೇನು ನೋಡಿದ್ರಿ?"

ನವೀನ್ ಕೆಂಪಾದ. "ಬಿಷಪ್... ನಾನು ಪ್ರಾರ್ಥನೆಗೆ ಕಣ್ಣು ಮುಚ್ಕೊಂಡಿದ್ದೆ. ತೆಗೆಯೋಷ್ಟರಲ್ಲಿ ಸಾರಾ ಎದ್ಬಿಟ್ಟಿದ್ಲು."

ನೋಡಲು ನಿಲ್ಲಿಸಿದವನು ಭಕ್ತಿಯಿಂದ ಕಣ್ಣು ಮುಚ್ಚಿದ್ದ! ಉಳಿದವರು ಪ್ರೀತಿಯಿಂದ ನೋಡಿದರು, ಅವರ ಕಣ್ಣಿಗೆ ನೀರು ಅಡ್ಡ ಬಂತು. ಹೊಟ್ಟೆಕಿಚ್ಚಿನಿಂದ ನೋಡಿದವಳು ನಾನೊಬ್ಬಳೇ. ನನಗೊಬ್ಬಳಿಗೇ ಕಾಲು ಕಂಡಿತು. ಈ ವಿಷಯವನ್ನು ಯಾರಾದರೂ ಕ್ಲಾಸಿನಲ್ಲಿ ಪಾಠ ಮಾಡುತ್ತಾರಾ?

ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ಟವೆಲ್ ಸಲುವಾಗಿ ಕೂಸಿಗೆ ಎರಡು ಸಲ ನೀರಿಗೆ ಹಾಕಾಕತ್ತಾಳ ನೋಡವ್ವ." ಕೇಳಿಸಿತು. ನನಗೆ ಮೊಣಕಾಲು ನೋವಷ್ಟೇ, ಕಿವಿ ಚೆನ್ನಾಗಿದೆ.

"ಸಾಕ್ಷಿ ಹೇಳಿದ ಮ್ಯಾಲ ಮುಗೀತು," ಎಂದರು ಬಿಷಪ್. "ಇನ್ನೊಮ್ಮೆ ಮಾಡ್ರಿ."

ಸಾರಾ ಅಳಲಿಲ್ಲ. ಅವಳಿಗೆ ಖುಷಿಯೇ. "ಖರೇ ಆಯಿ? ನನ್ನ ಬಟ್ಟು ಮ್ಯಾಲ ಬಂದಿತ್ತಾ?" ಎಂದು ಕಿಲಕಿಲ ನಕ್ಕು ಹಾಗೇ ತಿರುಗಿ ದಡದಡ ಇಳಿದುಬಿಟ್ಟಳು. ಟವೆಲ್ ಸಮೇತ.

ಮೊಲದ ಮರಿ ನೀರು ಕುಡಿದು ಎಮ್ಮೆಯಾಯಿತು. ಪ್ರಕಾಶ ಎಳೆದು ಮೇಲೆ ಹಾಕಿದ, ಕಸೂತಿ ದಾರದ ಬಣ್ಣ ಬಿಟ್ಟುಕೊಂಡು ಅಂಚೆಲ್ಲ ನೀಲಿ. ವಸುಂಧರಮ್ಮ ಬರಿಗೈಯಲ್ಲಿ ನಿಂತರು.

ನಾನು ಬ್ಯಾಗ್ ತೆಗೆದೆ.

ಟವೆಲ್ ಹೊರಬಂದದ್ದು ನೋಡಿ ಅವರ ಮುಖ ಅರಳಿತು. "ದೇವುಡಾ, ಥ್ಯಾಂಕ್ಸ್ ವದಿನಾ" ಎಂದು ಎರಡೂ ಕೈ ಚಾಚಿದರು. ಚಾಚಿದ ಕೈ ಚಾಚಿದ ಹಾಗೇ ಇತ್ತು. ಕೊಡುವುದು ದೊಡ್ಡ ಗುಣ. ನಾನು ಕೊಡಲಿಲ್ಲ.

"ಮೆಟ್ಟಲ ಒದ್ದಿ ಆಗ್ಯಾವ್ರಿ," ಎಂದೆ. "ನೀವು ಜಾರೀರಿ. ಈ ಕಡೆ ಬರ್ರಿ."

ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಕಣ್ಣು ಮಿಟುಕಿಸದೆ ನೀರಿನ ಕಡೆ ನೋಡಿದೆ. ಪ್ರಕಾಶ ಈ ಸಲ ಮಗಳಿಗೆ ಮೊಣಕಾಲು ಮಡಚಲು ಹೇಳಿದ. ಮತ್ತೆ ಪ್ರಾರ್ಥನೆ, ಮತ್ತೆ ಆಮೆನ್. ನವೀನ್ ಎರಡೂ ಕಣ್ಣು ಗುಡ್ಡೆ ಹೊರಗೆ ಬರುವ ಹಾಗೆ ತೆರೆದಿದ್ದ. ತಲೆ, ಜಡೆ, ಬಟ್ಟೆ, ಗುಲಾಬಿ ಉಗುರು, ಎಲ್ಲವೂ ಒಳಗೆ.

"ಆತು," ಎಂದೆ. ಹೇಳಿದ್ದೇ ತಡ, ನನ್ನ ಮೊಣಕಾಲಿಗೆ ಎಲ್ಲಿಂದ ಬಲ ಬಂತೋ, ಮೆಟ್ಟಿಲ ಹತ್ತಿರ ಮೊದಲು ನಿಂತವಳು ನಾನೇ.

ನಡುಗುತ್ತ ಬಂದಳು. ಸುತ್ತಿಕೊಂಡೆ. ಮುಖ ಒರೆಸಿದೆ, ಕಿವಿ ಒರೆಸಿದೆ. ಹೊರಗೆ ನಿಂಬೆ ಶರಬತ್ತು, ಒಸ್ಮಾನಿಯಾ ಬಿಸ್ಕತ್ತು ಕಾಯುತ್ತಿದ್ದವು (ಚಹಾ ಇಲ್ಲದ ಒಸ್ಮಾನಿಯಾ, ನಮ್ಮ ಹಣೆಬರಹ). ಯಾರು ಏನಾದರೂ ಅಂದುಕೊಳ್ಳಲಿ ಎಂದುಕೊಂಡೆ. ಸಾರಾ ನಿಧಾನವಾಗಿ ಕಣ್ಣು ತೆರೆದಳು. ಎದುರಿಗೆ ನನ್ನ ಮುಖ. ಬೇರೆ ಯಾರದೂ ಅಲ್ಲ. ನನ್ನದು.

ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು.

"ಆಯಿ, ಇದು ಚುಚ್ಚತೈತಿ. ಅಮ್ಮಮ್ಮಂದು ಭಾಳ ಮೆತ್ತಗಿತ್ತು."

(ಹೊಸ ಟವೆಲ್ಲಿನ ಗಂಜಿ. ಒಮ್ಮೆ ತೊಳೆಯಬೇಕಿತ್ತು.)

ಎಂಟು ತುಂಬುವವರೆಗೆ ಏನಂದರೂ ಮಾಫಿ, ನೀರಿನಿಂದ ಎದ್ದ ಮೇಲೆ ಲೆಕ್ಕ ಶುರು ಎಂದು ಆಗಲೇ ಹೇಳಿದೆನಲ್ಲ. ನೀರು ಇನ್ನೂ ಅವಳ ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಈಗ ನೀವೇ ಹೇಳಿ, ಇದು ನನ್ನ ಮೊಮ್ಮಗಳ ಮೊದಲ ಪಾಪ ಹೌದೋ ಅಲ್ಲವೋ?